ಮೊದಲ ಪುಟದ ಎಡ ಅಂಕಣ

ಜಾಕ್ಸನ್, ಮಿಸಿಸಿಪ್ಪಿ
ಫೆಬ್ರವರಿ ೮, ೧೮೭೪, ಭಾನುವಾರ

ನನ್ನ ಪ್ರೀತಿಯ ಅಬ್ನರ್,

ಕ್ಯಾನ್ಸಸ್‌ನ ಚಳಿ ನಿನ್ನ ಕುಲುಮೆಯ ಹತ್ತಿರ ಸುಳಿಯುವುದಿಲ್ಲವೆಂದೂ, ನೀನು, ಸುಸಾನಾ, ಮಕ್ಕಳು ಎಲ್ಲರೂ ಗಟ್ಟಿಮುಟ್ಟಾಗಿದ್ದೀರೆಂದೂ ನಂಬಿದ್ದೇನೆ. ನಾನು ಆರೋಗ್ಯ. ಕ್ಲಾರಿಂಡಾ ಊರಿನಲ್ಲೇ ಇದ್ದು ಪತ್ರಿಕೆ ನಡೆಸುತ್ತಿದ್ದಾಳೆ. ನಾನಿಲ್ಲದ ಮೇಲೆ ಅಚ್ಚಿನ ತಪ್ಪುಗಳು ಕಡಿಮೆಯಾಗಿವೆಯೆಂದು ಅವಳೇ ಬರೆದು ತಿಳಿಸಿದ್ದಾಳೆ.

ಉತ್ತರ ತಡವಾಯಿತು. ಕ್ಷಮಿಸು ಎಂದು ಸುಲಭವಾಗಿ ಬರೆದುಬಿಡಬಹುದು, ಆದರೆ ನಿನ್ನ ಮೂರು ಕಾಗದ ನನ್ನ ಕೋಟಿನ ಒಳಜೇಬಿನಲ್ಲಿ ಕೂತು ದಿನವೂ ಎದೆಗೆ ಒತ್ತುತ್ತಿವೆ. ಮೊದಲನೆಯದರಲ್ಲಿ ನೀನು ‘ಭಲೇ ಲೆಮ್’ ಎಂದು ಬರೆದಿದ್ದೆ. ಎರಡನೆಯದರಲ್ಲಿ ‘ಕಾಗದ ಯಾಕಿಲ್ಲ’ ಎಂದೆ. ಮೂರನೆಯದರಲ್ಲಿ ‘ಮಹಾಮಹಿಮ ಸೆನೆಟರ್ ಸಾಹೇಬರ ಪಾದಗಳಿಗೆ ಬಡ ಕಮ್ಮಾರನ ನಮಸ್ಕಾರ’ ಎಂದು ಶುರು ಮಾಡಿದ್ದೀಯ. ಬೈಸಿಕೊಳ್ಳಬೇಕಾದವನು ನಾನು, ಬೈಸಿಕೊಂಡೆ.

ಮೂರೂ ಕಾಗದದ ಕೊನೆಯಲ್ಲಿ ಒಂದೇ ಸಾಲು: ‘ಅಮ್ಮನ ಸುದ್ದಿ ಏನಾದರೂ ಬಂತಾ?’ ಇಪ್ಪತ್ತಮೂರು ವರ್ಷದ ಪ್ರಶ್ನೆ ಅದು. ವರ್ಜೀನಿಯಾದ ಆ ಧಣಿಯ ಅಂಗಳದಲ್ಲಿ ಟೆಂಪಿ ಅಮ್ಮನನ್ನು ವ್ಯಾಪಾರಿಯ ಗಾಡಿಗೆ ಹತ್ತಿಸಿದಾಗ ನಿನಗೂ ನನಗೂ ಒಂಬತ್ತು ವರ್ಷ. ನೀನು ಅವಳು ಹೆತ್ತ ಮಗ, ನಾನು ತಾಯಿಯಿಲ್ಲದ ಕೂಸೆಂದು ಅವಳು ಎತ್ತಿಕೊಂಡವನು. ಆದರೂ ಗಾಡಿಯ ಹಿಂದೆ ಇಬ್ಬರೂ ಒಂದೇ ದೂರ ಓಡಿದೆವು. ನಿನ್ನ ಪ್ರಶ್ನೆಗೆ ಬರುತ್ತೇನೆ. ಮೊದಲು ಗೆಲುವಿನ ಕಥೆ ಕೇಳು. ನಿನ್ನ ಕೈ ಇಲ್ಲದೆ ಆದ ಗೆಲುವಲ್ಲ ಅದು.

ಇಲ್ಲಿ ರಾಜ್ಯದ ಸೆನೆಟ್ಟಿನಲ್ಲಿ ನನಗೊಂದು ಮೇಜು ಕೊಟ್ಟಿದ್ದಾರೆ. ಮೇಜಿನ ಮೇಲೆ ಗಾಜಿನ ಮಸಿಕುಡಿಕೆ. ಹದಿನೈದನೇ ವಯಸ್ಸಿನಿಂದ ಮೊಣಕೈವರೆಗೂ ಮಸಿ ಮೆತ್ತಿಕೊಂಡೇ ಬದುಕಿದವನಿಗೆ ಈಗ ಮಸಿ ಕುಡಿಕೆಯೊಳಗೇ ಇರುವುದನ್ನು ನೋಡಿದರೆ ನಗು ಬರುತ್ತದೆ. ಮೊದಲ ದಿನ ಬಿಳಿ ಗುಮಾಸ್ತನೊಬ್ಬ ದೊಡ್ಡ ಪುಸ್ತಕ ಬಿಚ್ಚಿಕೊಂಡು, ಮೂಗಿನ ತುದಿಯ ಕನ್ನಡಕದ ಮೇಲಿಂದ ನನ್ನನ್ನು ನೋಡಿ ಕೇಳಿದ:

“ಹೆಸರು?”

“ಲೆಮ್ಯುಯೆಲ್ ಸ್ಟರ್ಜಿಸ್.”

“ಕಸುಬು?”

“ಪತ್ರಿಕೆ ಮಾಲೀಕ. ‘ಸಾಕ್ಷಿ’ ಅಂತ ವಾರಪತ್ರಿಕೆ.”

“ವಿದ್ಯಾಭ್ಯಾಸ ಎಲ್ಲಿ ಆಯ್ತು?”

“ಸ್ಟ್ರೌಡ್ ಅವರ ಅಚ್ಚುಕೂಟದಲ್ಲಿ.”

“ಏನು ಓದಿದಿರಿ ಅಲ್ಲಿ?”

“ಸಿಕ್ಕಿದ್ದೆಲ್ಲ. ಬರೀ ತಲೆಕೆಳಗಾಗಿ.”

ಆ ಮನುಷ್ಯ ನಗಲಿಲ್ಲ. ಪಕ್ಕದಲ್ಲಿದ್ದ ನಮ್ಮವರಿಬ್ಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ಸುಳ್ಳೇನು ಹೇಳಿದೆ ನಾನು? ಧಣಿಯ ಸೋದರಳಿಯ ನನ್ನನ್ನು ಮಿಸಿಸಿಪ್ಪಿಗೆ ತಂದು ಸ್ಟ್ರೌಡ್‌ನ ಅಚ್ಚುಯಂತ್ರಕ್ಕೆ ಮಸಿ ಬಳಿಯಲು ಬಾಡಿಗೆಗೆ ಬಿಟ್ಟ. ನಮಗೆ ಅಕ್ಷರ ಕಲಿಸಬಾರದೆಂದು ಕಾನೂನಿತ್ತು, ಆದರೆ ಅಕ್ಷರಕ್ಕೆ ಮಸಿ ಬಳಿಯಬಾರದೆಂದು ಇರಲಿಲ್ಲವಲ್ಲ. ತಿರುಗುಮುರುಗಾಗಿ ಜೋಡಿಸಿಟ್ಟ ಅಚ್ಚುಮೊಳೆಗಳನ್ನು ನೋಡಿ ನೋಡಿ, ಅಚ್ಚಾದ ಹಾಳೆಯ ಜೊತೆ ಹೋಲಿಸಿ ಹೋಲಿಸಿ ಕಲಿತೆ. ನೇರವಾದ ಪುಸ್ತಕ ಓದಲು ಬಂದದ್ದು ಅದಾದ ಎರಡು ವರ್ಷಕ್ಕೆ. ಯುದ್ಧ ಮುಗಿದು, ಬಿಡುಗಡೆಯಾಗಿ ನಾವು ನಮ್ಮವರೇ ಆದ ಮೇಲೆ, ಸ್ಟ್ರೌಡ್ ಗುಜರಿಗೆ ಹಾಕಿದ್ದ ಹಳೇ ಕೈಯಂತ್ರ ತಂದು ನಮ್ಮೂರು ಕೇನ್ ಲ್ಯಾಂಡಿಂಗ್‌ನ ಕೋಳಿಗೂಡಿನ ಪಕ್ಕದ ಕೊಟ್ಟಿಗೆಯಲ್ಲಿ ನಿಲ್ಲಿಸಿದಾಗ, ಅದರ ಮುರಿದ ಸನ್ನೆಕೋಲನ್ನು ಬಡಿದು ಸರಿಮಾಡಿದವನು ನೀನೇ. ಆಗ ನೀನು ನೀಲಿ ಸೈನಿಕ ಕೋಟನ್ನು ಇನ್ನೂ ಬಿಚ್ಚಿರಲಿಲ್ಲ.

‘ಸಾಕ್ಷಿ’ಯ ಮೊದಲ ಸಂಚಿಕೆಯ ಮೊದಲ ಪುಟದ ಎಡ ಅಂಕಣ ಏನಿರಬೇಕೆಂದು ನಾವು ಒಂದು ನಿಮಿಷವೂ ಚರ್ಚೆ ಮಾಡಲಿಲ್ಲ. ‘ಹುಡುಕುತ್ತಿದ್ದೇವೆ.’ ಯಾರನ್ನು ಯಾವ ಊರಿನಿಂದ, ಯಾವ ವರ್ಷ, ಯಾರು ಮಾರಿದರು, ಯಾವ ಕಡೆಗೆ ಒಯ್ದರು. ಮೊದಲ ಪ್ರಕಟಣೆ ಟೆಂಪಿ ಅಮ್ಮನದು. ಅಂಕಣದ ನೆತ್ತಿಗೆ ನೀನು ಮರದಲ್ಲಿ ಕೆತ್ತಿಕೊಟ್ಟ ಅಚ್ಚು: ಒಂದು ಗುಡಿಸಲು, ಅದರ ತೆರೆದ ಬಾಗಿಲು. ಗುಡಿಸಲಿನ ಗೋಡೆ ಸೊಟ್ಟಗಿದೆಯೆಂದು ನಾನು ಹಂಗಿಸಿದ್ದೆ. ಆರು ವರ್ಷದಿಂದ ಪ್ರತಿ ಶನಿವಾರ ಆ ಸೊಟ್ಟ ಗುಡಿಸಲು ಅಚ್ಚಾಯಿತು, ಪ್ರತಿ ಭಾನುವಾರ ನಮ್ಮ ಬೋಧಕರು ಬೈಬಲ್ ಮುಚ್ಚಿದ ಮೇಲೆ ಆ ಅಂಕಣವನ್ನು ಗಟ್ಟಿಯಾಗಿ ಓದಿದರು. ನಮ್ಮ ಪತ್ರಿಕೆ ಕೊಳ್ಳುವವರಲ್ಲಿ ಹತ್ತಕ್ಕೆ ಎಂಟು ಮಂದಿಗೆ ಓದು ಬರುವುದಿಲ್ಲ. ಅವರು ಕೊಳ್ಳುತ್ತಿದ್ದದ್ದು ಆ ಬಾಗಿಲನ್ನು. ಇದು ನನಗೆ ಚೆನ್ನಾಗಿ ಗೊತ್ತಿತ್ತು ಎನ್ನುವುದನ್ನು ನೆನಪಿಟ್ಟುಕೋ.

ಕಳೆದ ಆಗಸ್ಟಿನಲ್ಲಿ ನಮ್ಮ ಪಕ್ಷದವರು ಸೇರಿ ಸೆನೆಟ್ಟಿಗೆ ನನ್ನನ್ನೇ ನಿಲ್ಲಿಸಿದರು. ಎದುರಾಳಿ ಕರ್ನಲ್ ಬ್ಯಾಸ್ಕಮ್ ಟ್ರೂಲಕ್. ಹತ್ತಿಯ ಹೊಲಗಳು ಅವನವು, ಹತ್ತಿಯ ಗೋದಾಮು ಅವನದು, ಊರಿನ ಇನ್ನೊಂದು ಪತ್ರಿಕೆಯೂ ಅವನದೇ. ಆ ಪತ್ರಿಕೆಯಲ್ಲಿ ನನ್ನ ಹೆಸರು ಒಂದು ಸಲವೂ ಬರಲಿಲ್ಲ. ‘ಮಸಿ ಬಳಿಯುವ ಆಳು’ ಎಂದೇ ಬರೆದ. ನಾನು ಹಂದಿ ಕದ್ದವನಂತೆ, ನನಗೆ ಮೂವರು ಹೆಂಡಿರಂತೆ. ಅದನ್ನು ಓದಿ ಕ್ಲಾರಿಂಡಾ, “ಇನ್ನಿಬ್ಬರು ಎಲ್ಲಿದಾರೆ ಮಿಸ್ಟರ್ ಸ್ಟರ್ಜಿಸ್? ಕರ್ಕೊಂಡು ಬನ್ನಿ, ಮೊಳೆ ಜೋಡಿಸೋಕೆ ನಂಗೆ ಕೈ ಸಾಲ್ತಿಲ್ಲ” ಎಂದಳು.

ನನಗೆ ರಕ್ತ ಕುದಿಯುತ್ತಿತ್ತು. ಅವನ ಒಂದೊಂದು ಸುಳ್ಳಿಗೂ ಉತ್ತರ ಕೊಡಬೇಕು, ನನ್ನ ಭಾಷಣಗಳು ಇಡಿಯಾಗಿ ಅಚ್ಚಾಗಬೇಕು, ನಮ್ಮ ಪಕ್ಷ ಏನು ಮಾಡಲಿದೆ ಎಂದು ಹೇಳಬೇಕು. ಪತ್ರಿಕೆ ನಾಲ್ಕೇ ಪುಟ, ಜಾಗವಿಲ್ಲ. ಸೆಪ್ಟೆಂಬರ್ ಮೊದಲ ವಾರ ನಾನು ಎಡ ಅಂಕಣ ತೆಗೆದೆ.

ಹೌದು, ತೆಗೆದೆ. ನಿನಗೆ ಅದನ್ನು ಆಗ ಬರೆಯಲಿಲ್ಲ. ಚುನಾವಣೆ ಮುಗಿಯುವವರೆಗೆ, ಎಂಟೊಂಬತ್ತು ವಾರ ಅಷ್ಟೆ ಎಂದುಕೊಂಡೆ.

ಕ್ಲಾರಿಂಡಾ ಬೇಡವೆಂದಳು. “ಜನ ನಿಮ್ಮ ಮುಖ ನೋಡಿ ಪತ್ರಿಕೆ ತಗೊಳ್ಳೋದಲ್ಲ. ಬೇಕಾದ್ರೆ ಒಂದು ಭಾಷಣ ಕಡಿಮೆ ಮಾಡಿ” ಎಂದಳು. ನಾನು, “ಗೆದ್ದ ಮೇಲೆ ಎರಡು ಪುಟ ತುಂಬ ಹಾಕ್ತೀನಿ, ನೋಡ್ತಿರು” ಎಂದೆ. ಆ ಅಂಕಣಕ್ಕೆ ಬರುವ ಕಾಗದಗಳನ್ನು ನಾನೇ ಒಡೆದು ನಾನೇ ಓದಬೇಕೆಂದು ಮೊದಲಿನಿಂದಲೂ ಇಟ್ಟುಕೊಂಡ ನೇಮ ನಿನಗೆ ಗೊತ್ತು. ಯಾರದೋ ಕಣ್ಣೀರಿನಲ್ಲಿ ಯಾರೋ ಕೈಯಾಡಿಸಬಾರದೆಂದು. ಹಾಗಾಗಿ ಅವಳು ಬಂದ ಕಾಗದಗಳನ್ನು ಒಡೆಯದೆ ಬಿಸ್ಕತ್ತಿನ ಡಬ್ಬದಲ್ಲಿ ಹಾಕಿಡುತ್ತಾ ಹೋದಳು. “ಡಬ್ಬದ ಮುಚ್ಚಳ ಮುಚ್ತಾ ಇಲ್ಲ” ಎಂದು ಅಕ್ಟೋಬರಿನಲ್ಲಿ ಒಂದು ಸಲ ಹೇಳಿದಳು. “ಇನ್ನೊಂದು ಡಬ್ಬ ತಗೋ” ಎಂದೆ.

ಕೆಸಾಯ ಅಕ್ಕ ಸುಮ್ಮನೆ ಬಿಡುವವಳೇ? ಕರ್ನಲನ ಮನೆಯೂ ಸೇರಿ ಅರ್ಧ ಊರಿನ ಬಟ್ಟೆ ಒಗೆಯುವವಳು ಅವಳು. ತೋಳು ನೋಡಿದರೆ ನಿನ್ನಂಥ ಕಮ್ಮಾರನೂ ದಾರಿ ಬಿಡಬೇಕು. ನಾಲ್ಕು ವರ್ಷದ ಹಿಂದೆ ನಮ್ಮ ಅಂಕಣದಿಂದಲೇ ಅವಳ ತಮ್ಮ ಅಲಬಾಮಾದಲ್ಲಿ ಸಿಕ್ಕಿದ್ದ. ಒಂದು ಭಾನುವಾರ ಆರಾಧನೆ ಮುಗಿದು ಎಲ್ಲರೂ ಹೊರಗೆ ಬರುತ್ತಿದ್ದಾಗ, ಚರ್ಚಿನ ಮೆಟ್ಟಿಲ ಮೇಲೆ ಸೊಂಟಕ್ಕೆ ಕೈ ಕೊಟ್ಟು ನಿಂತು ನನ್ನನ್ನು ತಡೆದಳು.

“ಲೆಮ್, ನಮ್ಮ ಬಾಗಿಲು ಎಲ್ಲಿ ಹೋಯ್ತೋ?”

“ಚುನಾವಣೆ ಅಕ್ಕ. ಜಾಗ ಇಲ್ಲ.”

“ಜಾಗ ಇಲ್ಲ ಅಂದ್ರೆ? ನಿನ್ನ ಭಾಷಣ ನೀನೇ ಊರೂರು ತಿರುಗಿ ಹೇಳ್ತೀಯ, ಕೇಳಿ ಕೇಳಿ ನಮ್ಮ ಕಿವಿ ತೂತು ಬಿದ್ದಿದೆ. ಅದನ್ನೇ ಮತ್ತೆ ಅಚ್ಚು ಹಾಕಿದ್ರೆ ಬೋಧಕರು ಅದನ್ನ ಓದ್ಬೇಕು, ನಾವು ಮತ್ತೆ ಕೇಳ್ಬೇಕು. ದೇವರ ಮನೇಲಿ ಇದೇನು ಶಿಕ್ಷೆ?”

ಸುತ್ತ ನಿಂತವರು ನಕ್ಕರು. “ಎಂಟು ವಾರ ಅಕ್ಕ. ಇಪ್ಪತ್ತು ವರ್ಷ ಕಾದವರಿಗೆ ಎಂಟು ವಾರ ಹೆಚ್ಚಾ?” ಎಂದುಬಿಟ್ಟೆ.

ಅವಳು ನನ್ನನ್ನೇ ನೋಡಿದಳು. “ಇಪ್ಪತ್ತು ವರ್ಷ ಕಾದವರಿಗೇ ಕಣೋ ಎಂಟು ವಾರ ಹೆಚ್ಚು” ಎಂದು ಕೆಳಗಿಳಿದು ಹೋದಳು. ಅವಳಿಗೆ ರಾಜಕೀಯ ತಿಳಿಯದು ಎಂದುಕೊಂಡೆ ನಾನು.

ಈಗ ಗಮ್ಮತ್ತಿನ ಭಾಗಕ್ಕೆ ಬಂದೆ. ಚುನಾವಣೆಯ ಚೀಟಿಗಳನ್ನು ಆಯಾ ಪಕ್ಷದವರೇ ಅಚ್ಚು ಹಾಕಿಸಿ ಮತದಾರರ ಕೈಗೆ ಕೊಡುವ ಪದ್ಧತಿ ನಿಮ್ಮಲ್ಲೂ ಇದೆಯಲ್ಲ. ನಮ್ಮ ಪಕ್ಷದ ಚೀಟಿ ಹಸಿರು ಕಾಗದದ್ದು, ನಮ್ಮ ಅಚ್ಚುಕೂಟದಲ್ಲೇ ಆದದ್ದು. ಓದಲು ಬಾರದವರು ಹಸಿರು ನೋಡಿ ಪೆಟ್ಟಿಗೆಗೆ ಹಾಕಬೇಕು. ಚುನಾವಣೆಗೆ ನಾಲ್ಕು ದಿನ ಇರುವಾಗ, ಶುಕ್ರವಾರ ಮಧ್ಯಾಹ್ನ ಕೆಸಾಯ ಅಕ್ಕ ಒದ್ದೆ ಕೈಯಲ್ಲೇ ಕೊಟ್ಟಿಗೆಯೊಳಗೆ ನುಗ್ಗಿದಳು. ಮೇಜಿನ ಮೇಲೆ ಒಂದು ನೆನೆದ ಹಸಿರು ಚೀಟಿ ಎಸೆದಳು.

“ಕರ್ನಲನ ಕೋಟಿನ ಜೇಬಲ್ಲಿತ್ತು. ನಂಗೆ ಓದೋಕೆ ಬರಲ್ಲ. ಆದ್ರೆ ಇದು ನಿನ್ನ ಅಂಗಡೀದಲ್ಲ ಅಂತ ಗೊತ್ತು.”

“ಹೇಗೆ ಗೊತ್ತು ಅಕ್ಕ?”

“ನಿನ್ನ ಮಸಿ ನನ್ನ ಸೋಪಿಗೆ ಯಾವತ್ತಾದ್ರೂ ಹೋಗಿದ್ಯಾ? ನಿನ್ನ ಹೆಂಡ್ತಿನ ಕೇಳು. ಇದು ನೋಡು, ಬರೀ ನೀರಿಗೇ ಕರಗ್ತಿದೆ.”

ಎತ್ತಿ ನೋಡಿದೆ. ರಾಜ್ಯಪಾಲರಿಂದ ಹಿಡಿದು ಶೆರೀಫನವರೆಗೆ ಎಲ್ಲ ಹೆಸರೂ ನಮ್ಮ ಪಕ್ಷದವೇ. ಸೆನೆಟರ್ ಎಂಬ ಕಡೆ ಮಾತ್ರ ಬ್ಯಾಸ್ಕಮ್ ಟ್ರೂಲಕ್! ನಮ್ಮದೇ ಹಸಿರು, ನಮ್ಮದೇ ಅಳತೆ. ಮಂಗಳವಾರ ಬೆಳಗ್ಗೆ ಇವನ್ನು ನಮ್ಮವರ ಕೈಗೆ ತುರುಕುವುದು ಅವನ ಹುನ್ನಾರ. ಬೇರೆ ಬಣ್ಣದ ಕಾಗದ ತರಿಸಲು ಸಮಯವಿಲ್ಲ. ಕ್ಲಾರಿಂಡಾ ಹಣೆ ಹಿಡಿದು ಕೂತಳು.

ಕೆಸಾಯ ಅಕ್ಕ ಸೊಂಟಕ್ಕೆ ಕಟ್ಟಿಕೊಂಡ ಮುಂಬಟ್ಟೆಗೆ ಕೈ ಒರೆಸುತ್ತಾ ಹೇಳಿದಳು: “ಓದೋಕೆ ಬರದವರಿಗೆ ಗುರುತು ಬೇಕು ಅಷ್ಟೆ ತಾನೇ? ನಮ್ಗೆಲ್ಲ ಗೊತ್ತಿರೋದು ಒಂದೇ ಗುರುತು. ಅದನ್ನ ನೀನೇ ಕಿತ್ತು ಮೂಲೆಗೆ ಹಾಕಿದೀಯ. ಹಾಕು ಆ ಬಾಗಿಲನ್ನ ಚೀಟಿ ಮೇಲೆ. ಕರ್ನಲ್ ಎಲ್ಲಿಂದ ತರ್ತಾನೆ ನೋಡೋಣ.”

ಅಬ್ನರ್, ನಿನ್ನ ಸೊಟ್ಟ ಗುಡಿಸಲು! ಅದರ ಜೋಡಿ ಇಡೀ ದಕ್ಷಿಣದಲ್ಲಿಲ್ಲ. ಯಾರು ನಕಲು ಕೆತ್ತಿದರೂ ಗೋಡೆ ನೆಟ್ಟಗೆ ಬಂದು ಸಿಕ್ಕಿಬೀಳುತ್ತಾರೆ. ಶನಿವಾರ ಬೆಳಗಿನಿಂದ ಸೂರ್ಯ ಮುಳುಗುವವರೆಗೆ ಎಲ್ಲ ಚೀಟಿಯನ್ನೂ ಮತ್ತೆ ಯಂತ್ರಕ್ಕೆ ಹಾಕಿ, ನೆತ್ತಿಯ ಮೇಲೆ ಬಾಗಿಲು ಒತ್ತಿದೆವು. ಸನ್ನೆಕೋಲು ಎಳೆದವನು ನಾನು, ಮಸಿ ಬಳಿದವಳು ಕ್ಲಾರಿಂಡಾ, ಹಾಳೆ ಒಣಗಲು ಹಗ್ಗಕ್ಕೆ ಹಾಕಿದವಳು ಕೆಸಾಯ ಅಕ್ಕ. ಒಗೆದ ಬಟ್ಟೆಗಿಂತ ಸಲೀಸು ಎಂದಳು. ಭಾನುವಾರ ಹನ್ನೊಂದು ಚರ್ಚುಗಳಲ್ಲಿ ಬೋಧಕರು ಒಂದೇ ಮಾತು ಹೇಳಿದರು: ಬಾಗಿಲು ನೋಡಿ ಹಾಕಿ.

ಮಂಗಳವಾರ ಮತದ ಪೆಟ್ಟಿಗೆ ಇಟ್ಟಿದ್ದ ಹತ್ತಿ ಗೋದಾಮಿನ ಮುಂದೆ ಜಾತ್ರೆಯಷ್ಟು ಜನ. ಕರ್ನಲನ ಮೇಸ್ತ್ರಿ ನಗುನಗುತ್ತಾ ಹಸಿರು ಚೀಟಿ ಹಂಚುತ್ತಿದ್ದ. ನಮ್ಮವನೊಬ್ಬ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ.

“ಇದ್ರಲ್ಲಿ ಬಾಗಿಲಿಲ್ವಲ್ಲ ಸ್ವಾಮಿ.”

“ಅದೂ ಇದೂ ಒಂದೇ ಕಣೋ, ಹಾಕು ಹೋಗು.”

“ಬಾಗಿಲೇ ಇಲ್ದಿದ್ರೆ ಒಳಗೆ ಹೋಗೋದು ಹೇಗೆ ಸ್ವಾಮಿ? ನೀವೇ ಇಟ್ಕೊಳಿ.”

ಇಡೀ ಸಾಲು ಗೊಳ್ಳೆಂದು ನಕ್ಕಿತು. ಹೊತ್ತು ಏರುವಷ್ಟರಲ್ಲಿ ಗೋದಾಮಿನ ಮುಂದಿನ ಕೆಸರೆಲ್ಲ ಬಾಗಿಲಿಲ್ಲದ ಹಸಿರು ಚೀಟಿ. ಮೇಸ್ತ್ರಿಯ ಬೂಟಿಗೂ ನಾಲ್ಕು ಅಂಟಿದ್ದವು. ನೂರು ವರ್ಷ ಮುಟ್ಟಿರಬಹುದಾದ ಕಜೋ ತಾತ ಮಾತ್ರ ನಮ್ಮ ಚೀಟಿ ಹಿಡಿದು ದಾರಿಯಲ್ಲೇ ನಿಂತುಬಿಟ್ಟಿದ್ದ. ಬಾಗಿಲನ್ನು ಬೆರಳಿಂದ ಸವರಿ, “ಯಾರನ್ನ ಹುಡುಕ್ತಾ ಇದೀರಪ್ಪ?” ಎಂದು ಕೇಳಿದ.

“ಸೆನೆಟರ್ ಒಬ್ಬರನ್ನ ಹುಡುಕ್ತಾ ಇದೀವಿ ತಾತ,” ಎಂದಳು ಕೆಸಾಯ ಅಕ್ಕ. “ಇಲ್ಲೇ ನಿಂತಿದಾನೆ ನೋಡು, ಬೆವರು ಒರೆಸ್ಕೊಂಡು. ಬೇಗ ಪೆಟ್ಟಿಗೆಗೆ ಹಾಕು, ಓಡಿಹೋಗ್ತಾನೆ.”

ಮರುದಿನ ಮಧ್ಯಾಹ್ನ ಎಣಿಕೆ ಮುಗಿಯಿತು. ಆರುನೂರ ಮೂವತ್ತೆಂಟು ಮತದ ಗೆಲುವು. ಅದನ್ನು ಕೇಳಿದಾಗ ಏನನಿಸಿತು ಎಂದು ನೀನು ಕೇಳಿದ್ದೀಯ. ಹೇಳುತ್ತೇನೆ. ನನ್ನ ಕಾಲು ನೆಲದ ಮೇಲಿರಲಿಲ್ಲ. ನಿಜವಾಗಿಯೂ ಇರಲಿಲ್ಲ, ನಾಲ್ಕು ಜನ ಹೆಗಲ ಮೇಲೆ ಹೊತ್ತಿದ್ದರು. ಮುಂದೆ ನಮ್ಮ ಚರ್ಚಿನ ವಾದ್ಯದವರು, ಒಂದು ತುತ್ತೂರಿ, ಎರಡು ಡೋಲು. ಹಿಂದೆ ಹೆಂಗಸರು, ಕೆಸಾಯ ಅಕ್ಕ ತೋಳು ಎತ್ತಿ ಕುಣಿಯುತ್ತಾ. ರಸ್ತೆಯ ತಿರುವಿನಲ್ಲಿ ಕರ್ನಲನ ಕುದುರೆಗಾಡಿ ಎದುರಾಯಿತು. ಅವನು ಹ್ಯಾಟು ಎತ್ತಲಿಲ್ಲ, ಆದರೆ ಗಾಡಿ ನಿಲ್ಲಿಸಿದ. ನಿಲ್ಲಿಸದೆ ಏನು ಮಾಡುತ್ತಾನೆ, ರಸ್ತೆ ತುಂಬ ನಾವೇ. ನಾವು ದಾಟಿ ಮುಗಿಯುವವರೆಗೆ, ಅರ್ಧ ಗಂಟೆ, ಬ್ಯಾಸ್ಕಮ್ ಟ್ರೂಲಕ್ ಬಿಸಿಲಲ್ಲಿ ಕಾದ. ನಾನು ಹೆಗಲ ಮೇಲಿಂದ, “ನಮಸ್ಕಾರ ಕರ್ನಲ್ ಸಾಹೇಬ್ರೇ, ಮಸಿ ಬಳಿಯೋ ಆಳು ಬಂದಿದೀನಿ!” ಎಂದು ಕೂಗಿದೆ. ಕ್ಲಾರಿಂಡಾ ನನ್ನ ಪ್ಯಾಂಟು ಹಿಡಿದೆಳೆದು, “ಗೆದ್ದವರು ಬಾಯಿ ಮುಚ್ಕೊಂಡಿದ್ರೆ ಚೆಂದ” ಎಂದಳು. ಆಮೇಲೆ ನದಿಯ ದಂಡೆಯಲ್ಲಿ ಎರಡು ಇಡೀ ಹಂದಿ ಸುಟ್ಟರು, ಕೆಂಡದಲ್ಲಿ ಗೆಣಸು, ಮೆಕ್ಕೆಜೋಳದ ರೊಟ್ಟಿಗೆ ಕಾಕಂಬಿ. ನಾನು ತಿಂದದ್ದು ನೆನೆದರೆ ಈಗಲೂ ಹೊಟ್ಟೆ ಭಾರ.

ಕೊಟ್ಟ ಮಾತು ಉಳಿಸಿಕೊಂಡೆ. ಗೆಲುವಿನ ಔತಣ, ಅಭಿನಂದನೆಗಳಲ್ಲೇ ತಿಂಗಳು ಕಳೆದು, ಡಿಸೆಂಬರ್ ಮೊದಲ ವಾರ ಡಬ್ಬಗಳನ್ನು ಮೇಜಿನ ಮೇಲೆ ಸುರಿದು ಒಂದೊಂದಾಗಿ ಒಡೆದೆ. ಅರವತ್ತಮೂರು ಕಾಗದ. ಬಂದ ತಾರೀಖನ್ನು ಕ್ಲಾರಿಂಡಾ ಒಂದೊಂದರ ಮೂಲೆಯಲ್ಲಿಯೂ ಬರೆದಿಟ್ಟಿದ್ದಳು. ನಡುವೆ ಒಂದು ಕಾಗದದ ಹತ್ತಿರ ಕೈ ನಿಂತುಹೋಯಿತು, ಅದಿರಲಿ. ಆ ಶನಿವಾರ ‘ಸಾಕ್ಷಿ’ಯ ಎರಡು ಪುಟ ತುಂಬ ಬರೀ ‘ಹುಡುಕುತ್ತಿದ್ದೇವೆ’. ಅಷ್ಟು ದೊಡ್ಡದಾಗಿ ಯಾವ ಪತ್ರಿಕೆಯೂ ಹಾಕಿಲ್ಲವೆಂದು ಮೆಂಫಿಸ್‌ನಿಂದ ಒಬ್ಬ ಬೋಧಕರು ಬರೆದರು.

ಇಲ್ಲಿಗೆ ಬಂದ ಮೇಲೆ ನಾನು ತಂದ ಮೊದಲ ಮಸೂದೆ ಯಾವುದು ಗೊತ್ತೇ? ಕೌಂಟಿ ಕಚೇರಿಗಳಲ್ಲಿ ಬೀಗ ಹಾಕಿಟ್ಟ ಹಳೆಯ ಉಯಿಲು, ಮಾರಾಟದ ಪತ್ರ, ಹರಾಜಿನ ಪಟ್ಟಿ, ನಮ್ಮ ಜನರ ಹೆಸರಿರುವ ಎಲ್ಲವನ್ನೂ ಯಾರು ಬಂದು ಕೇಳಿದರೂ ತೆಗೆದು ಓದಿ ಹೇಳಬೇಕು ಎಂಬುದು. ಯಾರನ್ನು ಯಾರಿಗೆ ಮಾರಿದರು ಎಂದು ಗೊತ್ತಾದರೆ ಹುಡುಕಾಟ ಅರ್ಧ ಮುಗಿದಂತೆ. ಮೊನ್ನೆ ಗುರುವಾರ ಅದರ ಮೇಲೆ ಮಾತಾಡಲು ಎದ್ದೆ. ಎದ್ದ ಕೂಡಲೇ ನರೆಗಡ್ಡದ ಸದಸ್ಯರೊಬ್ಬರು, “ಹಳೇ ಗಾಯ ಕೆದಕೋದು ಯಾಕೆ ಮಾನ್ಯರೇ? ವಾಸಿಯಾಗ್ಲಿ ಬಿಡಿ” ಎಂದರು.

“ಮಾನ್ಯರೇ, ಗಾಯ ನಮ್ದು,” ಎಂದೆ. “ವಾಸಿಯಾಯ್ತೋ ಇಲ್ವೋ ಅಂತ ನಾವು ಹೇಳ್ತೀವಿ, ನೀವಲ್ಲ.”

ಮೇಲಿನ ಪ್ರೇಕ್ಷಕರ ಗ್ಯಾಲರಿಯಲ್ಲಿ ಕೂತ ನಮ್ಮ ಜನ ಎದ್ದು ನಿಂತು ಕಾಲು ಬಡಿದರು. ಅಧ್ಯಕ್ಷರ ಸುತ್ತಿಗೆಯ ಸದ್ದು ಯಾರಿಗೂ ಕೇಳಿಸಲಿಲ್ಲ. ಮುಕ್ಕಾಲು ಗಂಟೆ ಮಾತಾಡಿದೆ. ವರ್ಜೀನಿಯಾದ ಆ ಅಂಗಳದ ಕಥೆ ಹೇಳಿದೆ, ಗಾಡಿಯ ಕಥೆ ಹೇಳಿದೆ, ಹೆಸರು ಹೇಳಲಿಲ್ಲ. ಹನ್ನೊಂದರ ವಿರುದ್ಧ ಇಪ್ಪತ್ತೊಂದು ಮತದಿಂದ ಮಸೂದೆ ಸೆನೆಟ್ ದಾಟಿತು. ಮೊದಲ ದಿನದ ಆ ಗುಮಾಸ್ತ ನನ್ನ ಬಳಿ ಬಂದು, ಕನ್ನಡಕ ತೆಗೆದು, “ಚೆನ್ನಾಗಿ ಓದಿದೀರಿ ಸೆನೆಟರ್” ಎಂದ. ಕೆಸಾಯ ಅಕ್ಕನಿಗೆ ಸುದ್ದಿ ಮುಟ್ಟಿದಾಗ, “ಹೇಳು ಅವನಿಗೆ, ಈ ಸಲದ ಭಾಷಣ ಬೇಕಾದ್ರೆ ಪತ್ರಿಕೇಲಿ ಹಾಕ್ಲಿ” ಎಂದಳಂತೆ. ಅವಳ ಬಾಯಿಂದ ಅದು ದೊಡ್ಡ ಬಿರುದು.

ನಾವು ಗೆದ್ದಿದ್ದೇವೆ, ಅಬ್ನರ್. ಬಾಡಿಗೆಗೆ ಬಿಟ್ಟ ಆಳು ಕಾನೂನು ಬರೆಯುತ್ತಿದ್ದಾನೆ. ಇದನ್ನು ನಾನು ಬಡಾಯಿಗೆ ಹೇಳುತ್ತಿಲ್ಲ. ಸರಿ, ಸ್ವಲ್ಪ ಬಡಾಯಿಗೂ ಹೇಳುತ್ತಿದ್ದೇನೆ.

ಸುಸಾನಾಳಿಗೆ ನನ್ನ ನಮಸ್ಕಾರ. ಮಕ್ಕಳಿಗೆ ಅವರ ಲೆಮ್ ದೊಡ್ಡಪ್ಪನ ಆಶೀರ್ವಾದ. ಅವರು ನೆಟ್ಟಗೆ ಹಿಡಿದ ಪುಸ್ತಕದಲ್ಲಿ ಓದು ಕಲಿಯಲಿ. ನಿನ್ನ ಕುಲುಮೆ ಆರದಿರಲಿ, ನಿನ್ನ ತೋಳು ಸೋಲದಿರಲಿ, ದೇವರು ನಿನ್ನ ಮನೆಯನ್ನು ತಣ್ಣಗಿಟ್ಟಿರಲಿ.

ಎಂದೆಂದೂ ನಿನ್ನ,
ಲೆಮ್ಯುಯೆಲ್

ತಾ.ಕ.: ಕಾಗದ ಮಡಚಿ ಲಕೋಟೆಗೆ ಹಾಕಿದ್ದೆ. ಮತ್ತೆ ತೆಗೆದಿದ್ದೇನೆ. ನಿನ್ನ ಪ್ರಶ್ನೆಗೆ ನಾನು ಉತ್ತರ ಕೊಡಲಿಲ್ಲ. ಇಷ್ಟುದ್ದ ಬರೆದದ್ದೇ ಅದನ್ನು ಬರೆಯದೆ ಮುಗಿಸಬಹುದೇನೋ ಎಂಬ ಹೇಡಿತನದಿಂದ.

ಅರವತ್ತಮೂರು ಕಾಗದಗಳಲ್ಲಿ ಅರವತ್ತೆರಡನ್ನು ಅಚ್ಚು ಹಾಕಿದೆ. ಉಳಿದ ಒಂದು ಟೆಕ್ಸಾಸ್‌ನ ಬ್ರಷಿ ಫೋರ್ಕ್ ಎಂಬ ಹಳ್ಳಿಯಿಂದ ಬಂದದ್ದು. ಟೆಂಪಿ ಅಮ್ಮ ಅಲ್ಲಿಯ ಬೋಧಕರ ಕೈಯಲ್ಲಿ ಬರೆಸಿದ್ದಳು. ಬದುಕಿದ್ದಳು ಅಬ್ನರ್. ಆ ಕಡೆಗೆ ನಮ್ಮ ಪತ್ರಿಕೆ ಹೋಗುತ್ತಿರಲಿಲ್ಲ. ಬೇಸಿಗೆಯಲ್ಲಿ ಬಂದ ಊರೂರು ತಿರುಗುವ ಬೋಧಕನೊಬ್ಬ ಇಂಥದ್ದೊಂದು ಪತ್ರಿಕೆ ಇದೆ ಎಂದು ಹೇಳಿದನಂತೆ. ಮಗ ಅಬ್ನರ್, ಎಡಗಿವಿಯ ಹಿಂದೆ ಸುಟ್ಟ ಗುರುತು, ಎಂದು ಬರೆಸಿದ್ದಳು. ‘ಲೆಮ್ ಅಂತ ಇನ್ನೊಬ್ಬ ಇದ್ದ, ನಾನು ಹೆತ್ತವನಲ್ಲ, ಆದ್ರೂ ಅವನ ಹೆಸರೂ ಹಾಕಿ. ನಂಗೆ ಎದೆನೋವು. ಈ ಚಳಿಗಾಲ ದಾಟೋದು ಅನುಮಾನ.’

ಕ್ಲಾರಿಂಡಾ ಮೂಲೆಯಲ್ಲಿ ಬರೆದ ತಾರೀಖು ಸೆಪ್ಟೆಂಬರ್ ಇಪ್ಪತ್ತಾರು. ನಾನು ಒಡೆದದ್ದು ಡಿಸೆಂಬರ್ ಮೂರು. ಆ ದಿನವೇ ಬರೆದೆ, ತಂತಿ ಕೊಟ್ಟೆ. ಬೋಧಕರ ಉತ್ತರ ಕ್ರಿಸ್‌ಮಸ್ ಆದ ಮೇಲೆ ಬಂತು. ಅಮ್ಮ ನವೆಂಬರ್ ಇಪ್ಪತ್ತೊಂದರಂದು ತೀರಿಕೊಂಡಳು. ಎಂಟು ವಾರ, ಅಬ್ನರ್. ಎಂಟು ವಾರದಲ್ಲಿ ನೀನು ಕ್ಯಾನ್ಸಸ್‌ನಿಂದ ನಡೆದುಕೊಂಡೇ ಹೋಗಿ ಅವಳ ಹಾಸಿಗೆಯ ಪಕ್ಕ ಕೂರಬಹುದಿತ್ತು.

ಅಚ್ಚು ಹಾಕುವ ಅಗತ್ಯವೇ ಇರಲಿಲ್ಲ. ಒಡೆದು ಓದಿದ್ದರೆ ಸಾಕಿತ್ತು. ಅವಳು ಹುಡುಕುತ್ತಿದ್ದ ಇಬ್ಬರಲ್ಲಿ ಒಬ್ಬ ಆ ಡಬ್ಬದಿಂದ ಮೂರು ಹೆಜ್ಜೆ ದೂರ ನಿಂತು ತನ್ನ ಭಾಷಣಕ್ಕೆ ಮೊಳೆ ಜೋಡಿಸುತ್ತಿದ್ದ. ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ಬೈದು ಬರೆ, ಇಲ್ಲವೇ ಬರೆಯಬೇಡ. ಅವಳ ಕಾಗದ ಇದರ ಜೊತೆಗಿದೆ, ಅದು ನಿನ್ನದು. ಅದರ ಕೊನೆಯ ಸಾಲನ್ನು ನಾನೇ ಬರೆದುಬಿಡುತ್ತೇನೆ, ನೀನು ಒಬ್ಬನೇ ಅದನ್ನು ಓದುವುದು ಬೇಡ: ‘ಪತ್ರಿಕೆಯ ದೊಡ್ಡವರಿಗೆ ಮುದುಕಿಯ ನಮಸ್ಕಾರ. ನಿಮ್ಮಲ್ಲಿ ಜಾಗ ಇದ್ರೆ ಮಾತ್ರ ಹಾಕಿ.’